ಸ್ತ್ರೀದೇಹದ ಆಧಾರಚಿತ್ರಗಳು: ‘ಮಾದರಿ’ ಎಂಬ ಮಾತಿನ ಎರಡು ಅರ್ಥಗಳು

೧

ಕನ್ನಡದಲ್ಲಿ ‘ಮಾದರಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಧಾನ್ಯದ ವ್ಯಾಪಾರಿಯು ಮೂಟೆಯಿಂದ ಒಂದು ಹಿಡಿ ಅಕ್ಕಿಯನ್ನು ತೆಗೆದು ಗಿರಾಕಿಯ ಅಂಗೈಯಲ್ಲಿಟ್ಟು ‘ಇದು ಮಾದರಿ’ ಎಂದಾಗ, ಮೂಟೆಯೊಳಗಿನ ಅಕ್ಕಿ ಹೀಗಿದೆ ಎಂದಷ್ಟೇ ಅದರ ಅರ್ಥ. ‘ಮಾದರಿ ಶಾಲೆ’, ‘ಮಾದರಿ ಗ್ರಾಮ’ ಎಂದಾಗಲಾದರೋ, ಉಳಿದವು ಹೀಗಾಗಬೇಕು ಎಂಬುದು ಅರ್ಥ. ಮೊದಲನೆಯದು ಇರುವುದನ್ನು ತಿಳಿಸುತ್ತದೆ; ಎರಡನೆಯದು ಇರಬೇಕಾದುದನ್ನು ವಿಧಿಸುತ್ತದೆ. ಒಂದೇ ಮಾತು ಎರಡು ಕೆಲಸಗಳನ್ನೂ ಮಾಡುವುದರಿಂದ, ಮನಸ್ಸು ಒಂದರ್ಥದಿಂದ ಇನ್ನೊಂದಕ್ಕೆ ಜಾರುವುದು ನಮಗೇ ತಿಳಿಯುವುದಿಲ್ಲ. ಸ್ತ್ರೀದೇಹದ ಆಧಾರಚಿತ್ರಗಳ ವಿಷಯದಲ್ಲಿ ಎರಡೂವರೆ ಶತಮಾನಗಳಿಂದ ನಡೆದು ಬಂದಿರುವುದು ಬಹುಮಟ್ಟಿಗೆ ಈ ಜಾರುವಿಕೆಯೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಧಾರಚಿತ್ರವೆಂದು ನಾವು ಇಲ್ಲಿ ಕರೆಯುವುದು, ಸಂದೇಹ ಬಂದಾಗ ನೋಡಿ ತಿಳಿದುಕೊಳ್ಳಲೆಂದು ಸಿದ್ಧಪಡಿಸಿದ ಚಿತ್ರವನ್ನು. ಶರೀರಶಾಸ್ತ್ರದ ಗ್ರಂಥಗಳಲ್ಲಿ, ವಿಶ್ವಕೋಶಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಹಿಂದೆ ದೊರೆಯುತ್ತಿದ್ದ ಈ ಚಿತ್ರಗಳು ಈಗ ಅಂತರಜಾಲದ ಮೂಲಕ ಪ್ರತಿಯೊಬ್ಬರ ಕೈಯಲ್ಲಿಯೂ ಇವೆ. ಕಲಾಕೃತಿಗೂ ಆಧಾರಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಬೇಕು. ಬೇಲೂರಿನ ಮದನಿಕೆಯನ್ನು ಕಂಡು ಯಾರೂ ಅದು ಶರೀರಶಾಸ್ತ್ರದ ಪಾಠವೆಂದು ಭಾವಿಸುವುದಿಲ್ಲ. ಶಿಲ್ಪಿಯು ಕಡೆದುದು ಆದರ್ಶವನ್ನು ಎಂಬುದು ಶಿಲ್ಪಿಗೂ ಗೊತ್ತು, ನೋಡುವವನಿಗೂ ಗೊತ್ತು. ಆಧಾರಚಿತ್ರವು ಹಾಗಲ್ಲ. ಅದು ‘ವಸ್ತುಸ್ಥಿತಿ ಹೀಗಿದೆ’ ಎಂಬ ಪ್ರತಿಜ್ಞೆಯೊಡನೆ ನಮ್ಮೆದುರಿಗೆ ಬರುತ್ತದೆ. ಆದುದರಿಂದಲೇ ಅದರೊಳಗೆ ಅಡಗಿರುವ ಆದರ್ಶವು ಹೆಚ್ಚು ಬಲವುಳ್ಳದ್ದು, ಹೆಚ್ಚು ಅಪಾಯಕಾರಿಯಾದದ್ದು.

ಕಳೆದ ವರ್ಷ ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ ಪಾಠವೊಂದರಲ್ಲಿ ನಾವು ೧೯೪೦ರ ದಶಕದ ಅಮೆರಿಕದ ಪ್ರತಿಮೆಯೊಂದರ ಛಾಯಾಚಿತ್ರವನ್ನು ತೋರಿಸಿದೆವು. ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ‘ಈಕೆ ಯಾರು?’ ಎಂದು ಕೇಳಿದಳು. ‘ಯಾರೂ ಅಲ್ಲ’ ಎಂಬುದೇ ಅದಕ್ಕೆ ಸರಿಯಾದ ಉತ್ತರ. ತರಗತಿಯಲ್ಲಿ ನಗು ಎದ್ದಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಆಕರವೊಂದು ಕೈಗೆ ಬಂದೊಡನೆ ಇತಿಹಾಸದ ವಿದ್ಯಾರ್ಥಿಯು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಕೆಲವು ಪ್ರಸಿದ್ಧ ಚಿತ್ರಗಳನ್ನು ಇಲ್ಲಿ ಪರಿಶೀಲಿಸೋಣ.

೨

ವೆಸೇಲಿಯಸ್ಸನು ೧೫೪೩ರಲ್ಲಿ ಪ್ರಕಟಿಸಿದ ಶರೀರರಚನಾಗ್ರಂಥದಲ್ಲಿ ಸ್ತ್ರೀಯ ಅಸ್ಥಿಪಂಜರವೆಂಬ ಪ್ರತ್ಯೇಕ ಚಿತ್ರವಿಲ್ಲ. ಪುರುಷನ ಎಲುಬುಗಳೇ ಮನುಷ್ಯನ ಎಲುಬುಗಳೆಂದು ಬಹುಕಾಲ ನಡೆದುಬಂದಿತು. ಹದಿನೆಂಟನೆಯ ಶತಮಾನದಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದುವು. ಅವುಗಳಲ್ಲಿ ಎರಡನ್ನು ಅಮೆರಿಕದ ವಿಜ್ಞಾನೇತಿಹಾಸಜ್ಞೆ ಲೊಂಡಾ ಶೀಬಿಂಗರ್ ೧೯೮೬ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅಕ್ಕಪಕ್ಕದಲ್ಲಿಟ್ಟು ವಿವೇಚಿಸಿದ್ದಾರೆ. ನಮ್ಮ ವಿಷಯಕ್ಕೆ ಅವೆರಡೂ ಮುಖ್ಯವಾದುವು.

ಮೊದಲನೆಯದು ಫ್ರಾನ್ಸಿನಲ್ಲಿ ೧೭೫೯ರಲ್ಲಿ ಬೆಳಕಿಗೆ ಬಂದಿತು. ಮನ್ರೋ ಎಂಬಾತನ ಅಸ್ಥಿಶಾಸ್ತ್ರಗ್ರಂಥವನ್ನು ಫ್ರೆಂಚ್ ಭಾಷೆಗೆ ಅನುವಾದಿಸಿ ಚಿತ್ರಗಳನ್ನು ಸಿದ್ಧಪಡಿಸಿದವಳು ತಿರೂ ದಾರ್ಕೋನ್ವಿಲ್ ಎಂಬ ವಿದುಷಿ. ಗ್ರಂಥ ಹೊರಬಂದದ್ದು ಮಾತ್ರ ಜೀನ್ ಜೋಸೆಫ್ ಸೂ ಎಂಬ ಪುರುಷನ ಹೆಸರಿನಲ್ಲಿ. ಆಕೆಯ ಚಿತ್ರದಲ್ಲಿ ಸ್ತ್ರೀಯ ತಲೆಬುರುಡೆ ಚಿಕ್ಕದು, ಎದೆಗೂಡು ಬಹಳ ಕಿರಿದು, ಸೊಂಟದ ಎಲುಬು ಬಹಳ ಅಗಲ. ಎರಡನೆಯದನ್ನು ೧೭೯೬ರಲ್ಲಿ ಪ್ರಕಟಿಸಿದವನು ಜರ್ಮನಿಯ ಸೋಮರಿಂಗ್. ಆತನು ಮೈನ್ಜ್ ನಗರದ ಇಪ್ಪತ್ತು ವರ್ಷದ ತರುಣಿಯೊಬ್ಬಳ ಎಲುಬುಗಳನ್ನು ಆಧಾರವಾಗಿಟ್ಟುಕೊಂಡನು. ದೇಹಕ್ಕೆ ಹೋಲಿಸಿದರೆ ಸ್ತ್ರೀಯ ತಲೆಬುರುಡೆ ಪುರುಷನದಕ್ಕಿಂತ ದೊಡ್ಡದಾಗಿ ಈ ಚಿತ್ರದಲ್ಲಿ ಕಾಣುತ್ತದೆ.

ಇವೆರಡರಲ್ಲಿ ಎರಡನೆಯದೇ ನಿಜಕ್ಕೆ ಹತ್ತಿರವಾದುದೆಂದು ಇಂದಿನ ಓದುಗನು ಹೇಳಬಹುದು. ಆದರೆ ಬ್ರಿಟನ್ನಿನಲ್ಲಿ ಹೆಚ್ಚಾಗಿ ಮನ್ನಣೆ ಪಡೆದುದು ಮೊದಲನೆಯದು. ಸೋಮರಿಂಗನ ಚಿತ್ರದಲ್ಲಿ ಎದೆಗೂಡು ಸಾಕಷ್ಟು ಕಿರಿದಾಗಿಲ್ಲವೆಂಬ ಆಕ್ಷೇಪಣೆ ಬಂದಿತು. ಎಡಿನ್‌ಬರೋದ ಜಾನ್ ಬಾರ್ಕ್ಲೇ ೧೮೨೯ರ ತನ್ನ ಗ್ರಂಥದಲ್ಲಿ ದಾರ್ಕೋನ್ವಿಲ್ಲಳ ಸ್ತ್ರೀ ಅಸ್ಥಿಪಂಜರವನ್ನೇ ಆಯ್ದುಕೊಂಡು, ಅದರ ಪಕ್ಕದಲ್ಲಿ ಉಷ್ಟ್ರಪಕ್ಷಿಯ ಅಸ್ಥಿಪಂಜರವನ್ನು ನಿಲ್ಲಿಸಿದನು. ಪುರುಷನ ಪಕ್ಕದಲ್ಲಿ ನಿಂತದ್ದು ಕುದುರೆ. ಚಿಕ್ಕ ತಲೆ, ಅಗಲವಾದ ಸೊಂಟ ಇವುಗಳನ್ನು ಕಣ್ಣಿಗೆ ಕಟ್ಟುವಂತೆ ಮಾಡಲು ಹಕ್ಕಿಗಿಂತ ಒಳ್ಳೆಯ ಸಂಗಾತಿ ಆತನಿಗೆ ದೊರೆಯಲಿಲ್ಲ.

ಇಲ್ಲಿ ಸೋಮರಿಂಗನನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದು ನ್ಯಾಯವಲ್ಲ. ಆತನು ತಾನು ಆಯ್ದ ಅಸ್ಥಿಪಂಜರವು ಸರಿಯಾದದ್ದೇ ಎಂದು ಪರೀಕ್ಷಿಸಲು ಪ್ರಾಚೀನ ವೀನಸ್ ಪ್ರತಿಮೆಗಳೊಡನೆ ಹೋಲಿಸಿ ನೋಡಿದನು. ಎಂದರೆ, ನಿಜವಾದ ತರುಣಿಯೊಬ್ಬಳ ಎಲುಬುಗಳಿಗೆ ಅಮೃತಶಿಲೆಯು ಪ್ರಮಾಣಪತ್ರವನ್ನು ಕೊಡಬೇಕಾಯಿತು. ‘ಈಕೆ ಯಾರು?’ ಎಂಬ ಪ್ರಶ್ನೆಗೆ ಆತನಲ್ಲಿ ಉತ್ತರವಿದ್ದಿತು: ಮೈನ್ಜಿನ ಒಬ್ಬಳು ಹೆಣ್ಣುಮಗಳು. ಆದರೆ ಆ ಉತ್ತರ ಆತನಿಗೇ ಸಾಲದಾಯಿತು. ಆಕೆ ಎಲ್ಲ ಸ್ತ್ರೀಯರೂ ಆಗಬೇಕಾಗಿದ್ದಿತು. ಅದಕ್ಕಾಗಿ ದೇವತೆಯನ್ನು ಹೋಲಬೇಕಾಗಿದ್ದಿತು.

೩

ಮೇಲ್ಕಂಡ ಪಂಡಿತರು ಆದರ್ಶವನ್ನು ಪ್ರತಿಮೆಗಳಿಂದ ಪಡೆದರು. ಇಪ್ಪತ್ತನೆಯ ಶತಮಾನವು ಅದನ್ನು ಅಂಕಿಅಂಶಗಳಿಂದ ಪಡೆಯಿತು. ನಮ್ಮ ತರಗತಿಯಲ್ಲಿ ಪ್ರಶ್ನೆಯನ್ನೆಬ್ಬಿಸಿದ ಪ್ರತಿಮೆಯ ಹೆಸರು ‘ನಾರ್ಮಾ’. ಸ್ತ್ರೀರೋಗತಜ್ಞ ರಾಬರ್ಟ್ ಡಿಕಿನ್‌ಸನ್ ಮತ್ತು ಶಿಲ್ಪಿ ಏಬ್ರಮ್ ಬೆಲ್‌ಸ್ಕಿ ಇವರಿಬ್ಬರೂ ಸೇರಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸ್ತ್ರೀಪ್ರತಿಮೆಯನ್ನೂ ಇದಕ್ಕೆ ಜೊತೆಯಾದ ಪುರುಷಪ್ರತಿಮೆಯನ್ನೂ ನಿರ್ಮಿಸಿದರು. ಪ್ರತಿಮೆಯ ಅಳತೆಗಳಿಗೆ ಮುಖ್ಯ ಆಧಾರವಾದುದು ಅಮೆರಿಕದ ಸರ್ಕಾರವು ಸಿದ್ಧ ಉಡುಪುಗಳ ಅಳತೆಯನ್ನು ನಿಗದಿ ಮಾಡಲು ೧೯೩೯-೪೦ರಲ್ಲಿ ನಡೆಸಿದ ಸಮೀಕ್ಷೆ. ಸುಮಾರು ೧೫,೦೦೦ ಸ್ತ್ರೀಯರ ದೇಹಗಳ ಅಳತೆಯನ್ನು ಆಗ ತೆಗೆದುಕೊಳ್ಳಲಾಯಿತು. ಲೆಕ್ಕಕ್ಕೆ ಬಂದವರು ಬಿಳಿಯ ಸ್ತ್ರೀಯರು ಮಾತ್ರ. ಉಳಿದವರ ಅಳತೆಗಳನ್ನು ಲೆಕ್ಕದಿಂದ ಬಿಡಲಾಯಿತು. ‘ಅಮೆರಿಕದ ಸರಾಸರಿ ತರುಣಿ’ ಎಂಬ ಮಾತು ಅಲ್ಲಿಯೇ ಒಂದು ಬಾರಿ ಕುಗ್ಗಿಹೋಯಿತು.

೧೯೪೫ರಲ್ಲಿ ಕ್ಲೀವ್‌ಲೆಂಡಿನ ಆರೋಗ್ಯ ವಸ್ತುಸಂಗ್ರಹಾಲಯವು ಈ ಪ್ರತಿಮೆಗಳನ್ನು ಪಡೆದುಕೊಂಡಿತು. ಅದೇ ವರ್ಷ ನ್ಯೂಯಾರ್ಕಿನ ನಿಸರ್ಗೇತಿಹಾಸ ವಸ್ತುಸಂಗ್ರಹಾಲಯದ ಮಾನವಶಾಸ್ತ್ರಜ್ಞ ಹ್ಯಾರಿ ಶಾಪಿರೊ ಇವುಗಳನ್ನು ಕುರಿತು ಬರೆಯುತ್ತಾ, ಸರಾಸರಿಯ ಅಳತೆಗಳಿಂದ ಹುಟ್ಟಿದ ಈ ರೂಪವು ದೇಹಸೌಂದರ್ಯದ ಪರಿಪೂರ್ಣತೆಗೆ ಸಮೀಪವಾಗಿದೆಯೆಂದು ಅಭಿಪ್ರಾಯಪಟ್ಟರು. ‘ಸರಾಸರಿ’ ಎಂಬುದು ಲೆಕ್ಕದ ಮಾತು. ‘ಪರಿಪೂರ್ಣ’ ಎಂಬುದು ಮೌಲ್ಯದ ಮಾತು. ಮೊದಲನೆಯದನ್ನು ಹೇಳಿ ಮುಗಿಸುವುದರೊಳಗೆ ಎರಡನೆಯದು ಬಂದುಬಿಟ್ಟಿತು. ‘ಮಾದರಿ’ಯ ಒಂದರ್ಥವು ಇನ್ನೊಂದಾಗಿ ಮಾರ್ಪಡುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಅಪೂರ್ವ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಲೀವ್‌ಲೆಂಡಿನ ‘ಪ್ಲೇನ್ ಡೀಲರ್’ ಪತ್ರಿಕೆಯು ನಾರ್ಮಾಳನ್ನು ಹೋಲುವ ಸ್ತ್ರೀಯನ್ನು ಹುಡುಕುವ ಸ್ಪರ್ಧೆಯೊಂದನ್ನು ಏರ್ಪಡಿಸಿತು. ೩,೮೦೦ಕ್ಕೂ ಹೆಚ್ಚು ಮಂದಿ ಸ್ತ್ರೀಯರು ತಮ್ಮ ಅಳತೆಗಳನ್ನು ಕಳುಹಿಸಿದರು. ಒಂಬತ್ತು ಅಳತೆಗಳಲ್ಲಿ ಒಂಬತ್ತೂ ಹೊಂದಿದವಳು ಒಬ್ಬಳೂ ಇರಲಿಲ್ಲ. ಒಂಬತ್ತರಲ್ಲಿ ಐದಕ್ಕಾದರೂ ಹೊಂದಿದವರು ನಲವತ್ತು ಮಂದಿಯೂ ಇರಲಿಲ್ಲ. ಯಾವ ಪ್ರತಿಮೆಯನ್ನು ಸಾವಿರಾರು ಸ್ತ್ರೀಯರ ಪ್ರತಿನಿಧಿಯೆಂದು ನಿಲ್ಲಿಸಲಾಗಿತ್ತೋ ಆ ಪ್ರತಿಮೆಯು ಸಾವಿರಾರು ಸ್ತ್ರೀಯರಲ್ಲಿ ಯಾರೊಬ್ಬಳೂ ಆಗಿರಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಎತ್ತರದಲ್ಲಿ ಸರಾಸರಿಯಾದವಳು ತೋಳಿನಲ್ಲಿ ಸರಾಸರಿಯಾಗಬೇಕೆಂಬ ನಿಯಮವಿಲ್ಲ; ತೋಳಿನಲ್ಲಿ ಸರಾಸರಿಯಾದವಳು ಸೊಂಟದಲ್ಲಿ ಆಗಬೇಕಾಗಿಲ್ಲ. ಅಳತೆಗಳ ಸಂಖ್ಯೆ ಹೆಚ್ಚಿದಂತೆಲ್ಲ ಎಲ್ಲದರಲ್ಲಿಯೂ ನಡುವೆ ನಿಲ್ಲುವವರ ಸಂಖ್ಯೆ ಇಳಿಯುತ್ತಾ ಬಂದು ಸೊನ್ನೆಯನ್ನು ಮುಟ್ಟುತ್ತದೆ. ಅಮೆರಿಕದ ವಾಯುಸೇನೆಯ ೪,೦೬೩ ಮಂದಿ ವಿಮಾನಚಾಲಕರ ಅಳತೆಗಳನ್ನು ಪರಿಶೀಲಿಸಿದ ಗಿಲ್ಬರ್ಟ್ ಡೇನಿಯಲ್ಸ್ ೧೯೫೨ರ ತಮ್ಮ ವರದಿಯಲ್ಲಿ, ಹತ್ತು ಅಳತೆಗಳಲ್ಲಿಯೂ ಸರಾಸರಿಯ ಆಸುಪಾಸಿನಲ್ಲಿದ್ದವನು ಒಬ್ಬನೂ ಇಲ್ಲವೆಂದು ತೋರಿಸಿದರು. ಎರಡು ಪ್ರಸಂಗಗಳ ಪರಿಣಾಮಗಳನ್ನು ಹೋಲಿಸುವುದು ಬೋಧಪ್ರದವಾಗಿದೆ. ಪುರುಷರ ವಿಷಯದಲ್ಲಿ ಸೇನೆಯು ಆಸನವನ್ನು ಬದಲಾಯಿಸಿತು. ಪ್ರತಿಯೊಬ್ಬನ ಮೈಗೂ ಹೊಂದಿಸಿಕೊಳ್ಳಬಹುದಾದ ಆಸನಗಳು ಬಂದುವು. ಸ್ತ್ರೀಯರ ವಿಷಯದಲ್ಲಿ ಪ್ರತಿಮೆಯು ತಪ್ಪೆಂದು ಯಾರೂ ಹೇಳಲಿಲ್ಲ. ಹೊಂದದೆ ಹೋದುದು ಸ್ತ್ರೀಯರ ಕೊರತೆಯೆಂದು, ಅವರು ತಮ್ಮ ದೇಹವನ್ನು ಸರಿಯಾಗಿ ನೋಡಿಕೊಳ್ಳಬೇಕೆಂದು ಉಪದೇಶ ನಡೆಯಿತು.

೪

ಇಷ್ಟನ್ನು ಓದಿದವರು, ದೋಷವಿರುವುದು ಅಜ್ಞಾನದಲ್ಲಿ, ದೇಹವೈವಿಧ್ಯವನ್ನು ಬಲ್ಲವರು ಇಂಥ ತಪ್ಪನ್ನು ಮಾಡಲಾರರು ಎಂದು ಭಾವಿಸಬಹುದು. ಇತಿಹಾಸವು ಈ ಸಮಾಧಾನವನ್ನು ನಮಗೆ ಕೊಡುವುದಿಲ್ಲ. ನಾರ್ಮಾಳನ್ನು ನಿರ್ಮಿಸಿದ ಡಿಕಿನ್‌ಸನ್ (೧೮೬೧-೧೯೫೦) ತಮ್ಮ ಕಾಲದಲ್ಲಿ ಸ್ತ್ರೀದೇಹದ ವೈವಿಧ್ಯವನ್ನು ಅತ್ಯಧಿಕವಾಗಿ ಕಂಡು ಬರೆದಿಟ್ಟವರಲ್ಲಿ ಒಬ್ಬರು. ಬ್ರೂಕ್ಲಿನ್ನಿನಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದಾಗ ಅವರು ರೋಗಿಗಳ ಅಂಗರಚನೆಯನ್ನು ಕೈಯಾರೆ ರೇಖಿಸಿಡುತ್ತಿದ್ದರು. ೧೯೩೩ರಲ್ಲಿ ಪ್ರಕಟವಾದ ಅವರ ‘ಹ್ಯೂಮನ್ ಸೆಕ್ಸ್ ಅನಾಟಮಿ’ ಎಂಬ ಚಿತ್ರಸಂಪುಟವು ಇಂಥ ರೇಖೆಗಳಿಂದ ತುಂಬಿದೆ. ಬಾಹ್ಯ ಜನನಾಂಗದ ರೂಪವು ಒಬ್ಬಳಿಂದ ಒಬ್ಬಳಿಗೆ ಎಷ್ಟು ಭಿನ್ನವಾಗಿರುತ್ತದೆಂಬುದು ಅವರಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ಹಾಗಾದರೆ ಆ ಜ್ಞಾನವು ಏಕೆ ಫಲಿಸಲಿಲ್ಲ? ಅವರ ಹಿಂದಿನ ಬರಹಗಳಲ್ಲಿ ಇದಕ್ಕೆ ಉತ್ತರವಿದೆ. ೧೯೦೨ರಲ್ಲಿ ಅವರು ಒಳತುಟಿಗಳು, ಎಂದರೆ ಬಾಹ್ಯ ಜನನಾಂಗದ ಒಳಭಾಗದಲ್ಲಿರುವ ಚರ್ಮದ ಮಡಿಕೆಗಳು, ದೊಡ್ಡದಾಗಿರುವುದರ ಅರ್ಥವೇನೆಂಬುದನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಮಡಿಕೆಗಳು ಹಿರಿದಾಗಿರುವುದು ಹಸ್ತಮೈಥುನದ ಕುರುಹೆಂಬುದು ಅವರ ವಾದ. ೧೯೪೧ರಲ್ಲಿ ಮನೋವೈದ್ಯ ಜಾರ್ಜ್ ಹೆನ್ರಿ ಸಲಿಂಗಕಾಮಿಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ಸ್ತ್ರೀಯರ ಅಂಗರಚನೆಯು ಬೇರೆಯಾಗಿರುತ್ತದೆಯೇ ಎಂದು ಪರೀಕ್ಷಿಸಿ ಚಿತ್ರಗಳನ್ನು ಬರೆದವರೂ ಡಿಕಿನ್‌ಸನ್ನರೇ. ಎಂದರೆ, ಅವರು ವೈವಿಧ್ಯವನ್ನು ಕಂಡರು. ಆದರೆ ಅದನ್ನು ಪ್ರಕೃತಿಯ ಸಂಪತ್ತೆಂದು ಓದದೆ ನಡತೆಯ ಸಾಕ್ಷ್ಯವೆಂದು ಓದಿದರು. ಚಿತ್ರಗಳು ಹಲವಾಗಿದ್ದರೂ ತೀರ್ಪು ಒಂದೇ ಆಗಿದ್ದಿತು.

ಈ ಬಗೆಯ ಓದುವಿಕೆಯ ಅತ್ಯಂತ ದುಃಖಕರವಾದ ನಿದರ್ಶನ ಇದಕ್ಕೂ ಹಿಂದಿನದು. ದಕ್ಷಿಣ ಆಫ್ರಿಕದ ಖೊಯ್‌ಖೊಯ್ ಜನಾಂಗದ ಸಾರಾ ಬಾರ್ಟ್‌ಮನ್ ಎಂಬಾಕೆಯನ್ನು ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಹಣಕ್ಕಾಗಿ ಪ್ರದರ್ಶನಕ್ಕಿಟ್ಟರು. ಆಕೆ ಪ್ಯಾರಿಸಿನಲ್ಲಿ ತೀರಿಕೊಂಡ ಮೇಲೆ ಪ್ರಾಣಿಶಾಸ್ತ್ರಜ್ಞ ಕುವಿಯೇ ಆಕೆಯ ದೇಹವನ್ನು ಛೇದಿಸಿ ೧೮೧೭ರಲ್ಲಿ ವರದಿಯನ್ನು ಪ್ರಕಟಿಸಿದನು. ಆಕೆಯ ಅವಶೇಷಗಳೂ ದೇಹದ ಅಚ್ಚೂ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ೧೯೭೦ರ ದಶಕದವರೆಗೂ ಪ್ರದರ್ಶನದಲ್ಲಿದ್ದುವು. ದಕ್ಷಿಣ ಆಫ್ರಿಕ ಸರ್ಕಾರದ ಒತ್ತಾಯದ ಮೇಲೆ ಅವಶೇಷಗಳನ್ನು ಹಿಂದಿರುಗಿಸಿದ ತರುವಾಯ, ೨೦೦೨ರ ಆಗಸ್ಟ್ ೯ರಂದು ಆಕೆಗೆ ತನ್ನ ನೆಲದಲ್ಲಿ ಸಮಾಧಿ ದೊರೆಯಿತು. ನಾರ್ಮಾಳಿಗೆ ಪೀಠ, ಬಾರ್ಟ್‌ಮನ್ನಳಿಗೆ ಗಾಜಿನ ಪೆಟ್ಟಿಗೆ. ಇವೆರಡೂ ಒಂದೇ ವಿಚಾರದ ಎರಡು ಮುಖಗಳು. ಒಬ್ಬಳು ಪ್ರಮಾಣವಾದರೆ ಇನ್ನೊಬ್ಬಳು ವಿಚಿತ್ರವಾಗಲೇಬೇಕು.

ಆದುದರಿಂದ ‘ವೈವಿಧ್ಯವನ್ನು ತೋರಿಸಿ’ ಎಂದು ಕೇಳಿದ ಮಾತ್ರಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ. ತೋರಿಸಿದುದರ ಕೆಳಗೆ ಏನೆಂದು ಬರೆದಿದೆ, ಯಾರನ್ನು ಕೇಳಿ ತೋರಿಸಿದೆ ಎಂಬುವೂ ಚಿತ್ರದಷ್ಟೇ ಮುಖ್ಯ.

೫

ಈಗ ಅಂತರಜಾಲದ ಆಧಾರಚಿತ್ರಗಳಿಗೆ ಬರೋಣ. ಇವುಗಳಲ್ಲಿ ಹಿರಿಯದೊಂದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ವಿಸಿಬಲ್ ಹ್ಯೂಮನ್’ ಯೋಜನೆ. ಮೃತದೇಹವನ್ನು ಹೆಪ್ಪುಗಟ್ಟಿಸಿ, ತೆಳುವಾದ ಪದರಗಳಾಗಿ ತೆಗೆಯುತ್ತಾ, ಪ್ರತಿಯೊಂದು ಪದರದ ಛಾಯಾಚಿತ್ರವನ್ನೂ ಸಂಗ್ರಹಿಸಿದ ಯೋಜನೆಯಿದು. ಪುರುಷದೇಹದ ಚಿತ್ರಗಳು ೧೯೯೪ರಲ್ಲಿಯೂ ಸ್ತ್ರೀದೇಹದ ಚಿತ್ರಗಳು ೧೯೯೫ರಲ್ಲಿಯೂ ಬಿಡುಗಡೆಯಾದುವು. ಪುರುಷನ ಪದರಗಳು ಒಂದೊಂದು ಮಿಲಿಮೀಟರಿನವು; ಸ್ತ್ರೀಯ ಪದರಗಳು ಅದರ ಮೂರನೆಯ ಒಂದು ಭಾಗದಷ್ಟು ತೆಳು. ಸ್ತ್ರೀದೇಹವು ಪುರುಷದೇಹಕ್ಕಿಂತ ಸೂಕ್ಷ್ಮವಾಗಿ ಚಿತ್ರಿತವಾದ ಅಪರೂಪದ ಸಂದರ್ಭವೆಂದು ಇದನ್ನು ಮೆಚ್ಚಬೇಕು. ‘ಈಕೆ ಯಾರು?’ ಎಂಬ ಪ್ರಶ್ನೆಗೂ ಇಲ್ಲಿ ಮರ್ಯಾದೆಯ ಉತ್ತರವಿದೆ: ಹೆಸರನ್ನು ತಿಳಿಸದಿದ್ದರೂ, ಮೇರಿಲೆಂಡಿನ ೫೯ ವರ್ಷದ ಸ್ತ್ರೀಯೆಂದು ಹೇಳಿದೆ. ಈ ಒಂದು ವಾಕ್ಯದಿಂದಲೇ ನೋಡುವವನು ಎಚ್ಚರಗೊಳ್ಳುತ್ತಾನೆ. ಮುಟ್ಟು ನಿಂತ ವಯಸ್ಸಿನ ದೇಹವಿದು. ಗರ್ಭಾಶಯ, ಅಂಡಾಶಯಗಳ ಸ್ಥಿತಿಯನ್ನು ಇದರಿಂದ ಇಪ್ಪತ್ತರ ತರುಣಿಗೆ ಅನ್ವಯಿಸಲಾಗದು ಎಂದು ಅವನಿಗೆ ತಿಳಿಯುತ್ತದೆ. ಒಂದೇ ದೇಹವಾದರೂ ಇದು ಅಂಗೈಯ ಅಕ್ಕಿಯಂಥ ಮಾದರಿ.

ಅಂತರಜಾಲದಲ್ಲಿ ಸಾಮಾನ್ಯ ಜನರು ನೋಡುವುದಾದರೋ ಇಂಥ ಸಂಗ್ರಹಗಳನ್ನಲ್ಲ. ಅವರು ಹೆಸರೊಂದನ್ನು ಬರೆದು ಹುಡುಕುತ್ತಾರೆ. ಮೊದಲು ಕಂಡ ಚಿತ್ರವನ್ನು ನೋಡುತ್ತಾರೆ. ಪುಸ್ತಕದಲ್ಲಿ ಒಂದು ಪುಟಕ್ಕೆ ಒಂದು ಚಿತ್ರವಿರುತ್ತಿತ್ತು, ಜಾಗ ಸಾಲದೆಂಬ ಕಾರಣವಿತ್ತು. ಅಂತರಜಾಲದಲ್ಲಿ ಜಾಗಕ್ಕೆ ಕೊರತೆಯಿಲ್ಲ. ಆದರೂ ಲೇಖನದ ನೆತ್ತಿಯ ಮೇಲೆ ಒಂದೇ ಚಿತ್ರ, ಹುಡುಕಿದಾಗ ಮೊದಲ ಸ್ಥಾನದಲ್ಲಿ ಒಂದೇ ಚಿತ್ರ ಎಂಬ ಹಳೆಯ ಏರ್ಪಾಡು ಹಾಗೆಯೇ ಉಳಿದಿದೆ. ಪೀಠದ ಮೇಲೆ ಒಬ್ಬಳಿಗೆ ಮಾತ್ರ ಸ್ಥಳವಿದ್ದಂತೆ ಇಲ್ಲಿಯೂ ಒಬ್ಬಳಿಗೆ ಮಾತ್ರ ಸ್ಥಳ.

ಇದರ ಪರಿಣಾಮ ಕೇವಲ ಸೌಂದರ್ಯಕ್ಕೆ ಸಂಬಂಧಿಸಿದ್ದಲ್ಲ. ಕೈ, ಕಾಲು, ಮುಖಗಳ ವೈವಿಧ್ಯವನ್ನು ನಾವು ಬೀದಿಯಲ್ಲಿಯೇ ಕಾಣುತ್ತೇವೆ. ಚಿತ್ರವು ತಪ್ಪಾಗಿದ್ದರೆ ಅನುಭವವು ತಿದ್ದುತ್ತದೆ. ಮುಚ್ಚಿಟ್ಟ ಅಂಗಗಳ ವಿಷಯದಲ್ಲಿ ತಿದ್ದಲು ಯಾವ ಅನುಭವವೂ ಇಲ್ಲ. ಚಿತ್ರವೇ ಸಾಕ್ಷಿ, ಚಿತ್ರವೇ ನ್ಯಾಯಾಧೀಶ. ಆಸ್ಟ್ರೇಲಿಯದ ಉದಾಹರಣೆಯನ್ನು ನೋಡಬಹುದು. ನಿರ್ಬಂಧವಿಲ್ಲದೆ ಮಾರಾಟವಾಗುವ ಪತ್ರಿಕೆಗಳ ನಗ್ನಚಿತ್ರಗಳಲ್ಲಿ ಜನನಾಂಗದ ವಿವರವು ಮಿತವಾಗಿರಬೇಕೆಂಬ ವರ್ಗೀಕರಣದ ನಿಯಮ ಅಲ್ಲಿದ್ದಿತು. ಅದಕ್ಕೆ ಹೊಂದಿಕೊಳ್ಳಲು ಒಳತುಟಿಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಒಂದು ಗೆರೆಯನ್ನು ಮಾತ್ರ ಉಳಿಸುತ್ತಿದ್ದರೆಂಬುದು ೨೦೧೦ರಲ್ಲಿ ಅಲ್ಲಿನ ದೂರದರ್ಶನ ಕಾರ್ಯಕ್ರಮವೊಂದರಿಂದ ಬೆಳಕಿಗೆ ಬಂದಿತು. ಅದೇ ದೇಶದಲ್ಲಿ, ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ, ಬಾಹ್ಯ ಜನನಾಂಗವನ್ನು ಕತ್ತರಿಸಿ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಗೆ ಸರ್ಕಾರದ ಆರೋಗ್ಯನಿಧಿಯಿಂದ ಹಣ ಪಡೆದವರ ಸಂಖ್ಯೆ ಎರಡು ಪಟ್ಟನ್ನೂ ಮೀರಿ ಬೆಳೆಯಿತು. ಇವೆರಡರಲ್ಲಿ ಒಂದೇ ಇನ್ನೊಂದಕ್ಕೆ ಕಾರಣವೆಂದು ಹೇಳುವುದು ಅವಸರವಾದೀತು. ಆದರೆ ಆರೋಗ್ಯವಾದ ಅಂಗವನ್ನು ರೋಗವೆಂದು ಭಾವಿಸಿ ವೈದ್ಯರ ಬಳಿಗೆ ಹೋಗುವವಳು ಆ ಭಾವನೆಯನ್ನು ಯಾವುದೋ ಒಂದು ಚಿತ್ರದೊಡನೆ ಹೋಲಿಸಿಯೇ ಪಡೆದಿರಬೇಕು.

ವಿಜ್ಞಾನವು ಈ ವಿಷಯದಲ್ಲಿ ಬಹಳ ತಡವಾಗಿ ಕಣ್ತೆರೆಯಿತು. ಲಂಡನ್ನಿನ ವೈದ್ಯರು ೫೦ ಮಂದಿ ಸ್ತ್ರೀಯರನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಒಳತುಟಿಯ ಅಗಲವು ೭ ಮಿಲಿಮೀಟರಿನಿಂದ ೫೦ ಮಿಲಿಮೀಟರಿನವರೆಗೆ, ಉದ್ದವು ೨೦ರಿಂದ ೧೦೦ ಮಿಲಿಮೀಟರಿನವರೆಗೆ ಇದ್ದಿತು. ಸ್ವಿಟ್ಜರ್‌ಲೆಂಡಿನ ಲೂಸರ್ನ್ ನಗರದಲ್ಲಿ ೧೫ರಿಂದ ೮೪ ವರ್ಷದವರೆಗಿನ ೬೫೭ ಮಂದಿಯ ಅಧ್ಯಯನ ೨೦೧೮ರಲ್ಲಿ ಪ್ರಕಟವಾದಾಗ ಈ ವ್ಯಾಪ್ತಿ ಇನ್ನೂ ವಿಶಾಲವೆಂದು ಕಂಡುಬಂದಿತು. ಐವತ್ತೇ ಮಂದಿಯಲ್ಲಿ ಒಬ್ಬಳಿಂದ ಇನ್ನೊಬ್ಬಳಿಗೆ ಏಳು ಪಟ್ಟು ವ್ಯತ್ಯಾಸವಿರುವಾಗ, ಇದನ್ನು ಒಂದು ಚಿತ್ರದಲ್ಲಿ ಹೇಳುವುದು ಹೇಗೆ? ಹೇಳಲಾಗದು ಎಂಬುದೇ ಉತ್ತರ. ಎರಡನೆಯ ಅಧ್ಯಯನದಲ್ಲಿದ್ದವರು ಬಿಳಿಯ ಸ್ತ್ರೀಯರು ಮಾತ್ರ ಎಂಬುದನ್ನೂ ಗಮನಿಸಬೇಕು. ನಾರ್ಮಾಳ ಕಾಲದ ಕೊರತೆ ಇನ್ನೂ ಪೂರ್ಣವಾಗಿ ನೀಗಿಲ್ಲ.

ಈ ಸ್ಥಿತಿಯನ್ನು ತಿದ್ದುವ ಎರಡು ಪ್ರಯತ್ನಗಳನ್ನು ಇಲ್ಲಿ ವಿಮರ್ಶಿಸಬಹುದು. ಇಂಗ್ಲೆಂಡಿನ ಶಿಲ್ಪಿ ಜೇಮಿ ಮೆಕಾರ್ಟ್ನಿ ೪೦೦ ಮಂದಿಯ ದೇಹಗಳಿಂದ ನೇರವಾಗಿ ಪ್ಲಾಸ್ಟರಿನ ಅಚ್ಚುಗಳನ್ನು ತೆಗೆದು, ಹತ್ತು ಫಲಕಗಳಲ್ಲಿ ಜೋಡಿಸಿ, ‘ಗ್ರೇಟ್ ವಾಲ್ ಆಫ್ ವಜೈನಾ’ ಎಂಬ ಕೃತಿಯನ್ನು ೨೦೧೧ರಲ್ಲಿ ಪ್ರದರ್ಶಿಸಿದರು. ಹದಿನೆಂಟು ವರ್ಷದವರಿಂದ ಎಪ್ಪತ್ತಾರು ವರ್ಷದವರವರೆಗೆ, ತಾಯಿ ಮಗಳು, ಅವಳಿಗಳು ಎಲ್ಲರೂ ಇದರಲ್ಲಿ ಇದ್ದಾರೆ. ನಾನೂರರಲ್ಲಿ ಒಂದನ್ನು ಎತ್ತಿ ‘ಇದೇ ಪ್ರಮಾಣ’ ಎನ್ನಲು ನೋಡುವವನಿಗೆ ಕೈ ಬರುವುದಿಲ್ಲ. ಬಣ್ಣವಿಲ್ಲದ ಬಿಳಿಯ ಪ್ಲಾಸ್ಟರಾದ್ದರಿಂದ ಕುತೂಹಲವು ಕಾಮುಕತೆಗೆ ಇಳಿಯದಂತೆ ತಡೆ ದೊರೆತಿದೆ. ಆದರೆ ಅದೇ ಬಿಳುಪಿನಿಂದ ಚರ್ಮದ ಬಣ್ಣದ ವೈವಿಧ್ಯವೂ ಅಳಿಸಿಹೋಗಿದೆ. ಹೆಸರೂ ಶಾಸ್ತ್ರೀಯವಾಗಿ ಸರಿಯಲ್ಲ. ಅಲ್ಲಿ ಕಾಣುವುದು ಯೋನಿಯಲ್ಲ, ಅದರ ಹೊರಗಿನ ಅಂಗ. ತಿಳಿವಳಿಕೆಗಾಗಿ ಹೊರಟ ಕೃತಿಯ ಹೆಸರಿನಲ್ಲಿಯೇ ಈ ಗೊಂದಲ ಉಳಿಯಬಾರದಾಗಿತ್ತು.

ಎರಡನೆಯದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ‘ವಿಮೆನ್ಸ್ ಹೆಲ್ತ್ ವಿಕ್ಟೋರಿಯ’ ಸಂಸ್ಥೆಯು ೨೦೧೩ರಲ್ಲಿ ಅಂತರಜಾಲದಲ್ಲಿ ತೆರೆದ ‘ಲೇಬಿಯಾ ಲೈಬ್ರರಿ’ ಎಂಬ ಚಿತ್ರಭಂಡಾರ. ಇದರ ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಸಿದೆ. ಜೊತೆಗೆ ಅಂಗರಚನೆಯ ವಿವರಣೆಯೂ ಇದೆ. ಶಿಲ್ಪಿಯ ಕೃತಿಯು ಬೆರಗನ್ನು ಹುಟ್ಟಿಸುತ್ತದೆ. ಇದು ಸಂದೇಹವನ್ನು ಪರಿಹರಿಸುತ್ತದೆ. ಭಯಪಟ್ಟು ಗುಟ್ಟಾಗಿ ಹುಡುಕುವ ಹದಿನಾರು ವರ್ಷದ ಹುಡುಗಿಗೆ ಬೇಕಾದುದು ಎರಡನೆಯದು. ಆಧಾರಚಿತ್ರವೆಂಬ ಹೆಸರಿಗೆ ಇದು ಹೆಚ್ಚು ಯೋಗ್ಯವೆಂದು ನಮ್ಮ ಅಭಿಪ್ರಾಯ.

೬

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಬೋಧನೆಗೆ ಸರಳವಾದ ಒಂದು ಚಿತ್ರ ಬೇಕು. ಹತ್ತು ರೂಪಗಳನ್ನು ಒಮ್ಮೆಗೇ ತೋರಿಸಿದರೆ ವಿದ್ಯಾರ್ಥಿ ಗೊಂದಲಕ್ಕೀಡಾಗುತ್ತಾನೆ. ಎಲ್ಲವೂ ಸಹಜವೆಂದರೆ ರೋಗವನ್ನು ಗುರುತಿಸುವುದು ಹೇಗೆ, ಎಂದು ವೈದ್ಯಶಾಸ್ತ್ರದ ಅಧ್ಯಾಪಕರು ಕೇಳಬಹುದು. ಈ ಮಾತಿನಲ್ಲಿ ತೂಕವಿದೆ. ಭಾಗಗಳ ಹೆಸರನ್ನು ಕಲಿಸಲು ರೇಖಾಚಿತ್ರವೊಂದು ಸಾಕು. ಅದು ಭೂಪಟದಂತೆ, ಭೂಪಟದಲ್ಲಿ ಮೈಸೂರು ಒಂದು ಚುಕ್ಕೆಯಾಗಿದ್ದರೆ ಊರೇ ಚುಕ್ಕೆಯೆಂದು ಯಾರೂ ತಿಳಿಯುವುದಿಲ್ಲ. ಆದರೆ ರೇಖಾಚಿತ್ರವು ತಾನು ರೇಖಾಚಿತ್ರವೆಂದು ಹೇಳಿಕೊಳ್ಳಬೇಕು. ರೋಗದ ವಿಷಯಕ್ಕೆ ಬಂದರೆ, ಸಹಜವಾದುದರ ಎಲ್ಲೆ ಎಲ್ಲಿಯವರೆಗೆ ಎಂದು ತಿಳಿಯದ ವೈದ್ಯನೇ ರೋಗವಲ್ಲದ್ದನ್ನು ರೋಗವೆನ್ನುವನು. ವೈವಿಧ್ಯದ ಜ್ಞಾನವು ರೋಗನಿರ್ಣಯಕ್ಕೆ ವಿರೋಧಿಯಲ್ಲ. ಅದೇ ಅದರ ಅಡಿಪಾಯ.

ಈ ವಿಷಯ ನಮಗೂ ದೂರದ್ದಲ್ಲ. ಕನ್ನಡ ವಿಕಿಪೀಡಿಯ ೨೦೦೩ರಲ್ಲಿಯೂ, ಎಲ್ಲ ಭಾಷೆಗಳ ವಿಕಿಪೀಡಿಯಗಳಿಗೂ ಚಿತ್ರಗಳನ್ನು ಒದಗಿಸುವ ವಿಕಿಮೀಡಿಯ ಕಾಮನ್ಸ್ ೨೦೦೪ರಲ್ಲಿಯೂ ಆರಂಭವಾದುವು. ಎಲ್ಲಿಯೋ ಯಾರೋ ಸೇರಿಸಿದ ಒಂದು ಚಿತ್ರವನ್ನು ನೂರಾರು ಭಾಷೆಗಳ ಲೇಖನಗಳು ಬಳಸಿಕೊಳ್ಳಬಹುದಾದ ಏರ್ಪಾಡಿದು. ಲೇಖನ ಕನ್ನಡದಲ್ಲಿರುತ್ತದೆ, ಚಿತ್ರದ ದೇಹವು ಯಾವ ದೇಶದ್ದೋ ಆಗಿರಬಹುದು. ಅನುವಾದದಲ್ಲಿ ಮಾತು ಬದಲಾಗುತ್ತದೆ, ಚಿತ್ರ ಬದಲಾಗುವುದಿಲ್ಲ. ಇನ್ನು ಸಿದ್ಧ ಉಡುಪುಗಳಿಗೆ ಭಾರತೀಯ ಅಳತೆಗಳನ್ನು ಗೊತ್ತುಮಾಡಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ೨೫,೦೦೦ ಮಂದಿಯನ್ನು ಅಳೆಯುವ ಯೋಜನೆಯನ್ನು ಕೈಗೊಂಡಿತು. ಅಗತ್ಯವಾದ ಕೆಲಸವಿದು. ಆದರೆ ನಾರ್ಮಾಳೂ ಉಡುಪಿನ ಅಳತೆಯಿಂದಲ್ಲವೇ ಹುಟ್ಟಿದ್ದು? ಇಂಥ ಅಳತೆಗಳಿಂದ ‘ಭಾರತದ ಸರಾಸರಿ ಸ್ತ್ರೀ’ಯ ಪ್ರತಿಮೆಯೊಂದನ್ನು ನಿಲ್ಲಿಸುವ ಆಸೆ ಯಾರಿಗಾದರೂ ಬಂದರೆ, ಕ್ಲೀವ್‌ಲೆಂಡಿನ ಸ್ಪರ್ಧೆಯನ್ನು ಅವರು ನೆನೆಯಬೇಕು.

ಹೀಗಿರಲು ಒಳ್ಳೆಯ ಆಧಾರಚಿತ್ರಕ್ಕೆ ಇರಬೇಕಾದ ಲಕ್ಷಣಗಳೇನು? ನಮ್ಮ ಶಾಸ್ತ್ರವೇ ಇದಕ್ಕೆ ದಾರಿಯನ್ನು ತೋರಿಸುತ್ತದೆ. ಶಾಸನವೊಂದು ದೊರೆತರೆ ಅದು ಎಲ್ಲಿ ದೊರೆಯಿತು, ಯಾವ ಕಾಲದ್ದು, ಬರೆಸಿದವರಾರು, ಯಾವ ಉದ್ದೇಶಕ್ಕೆ ಎಂದು ವಿಚಾರಿಸದೆ ಅದನ್ನು ನಾವು ಬಳಸುವುದಿಲ್ಲ. ಒಂದೇ ಶಾಸನದಿಂದ ಒಂದು ರಾಜವಂಶದ ಚರಿತ್ರೆಯನ್ನು ಬರೆಯುವವನನ್ನು ಒಪ್ಪುವುದೂ ಇಲ್ಲ. ದೇಹದ ಚಿತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಚಿತ್ರಗಳು ಒಂದಲ್ಲ, ಹಲವಾಗಿರಬೇಕು. ಅವುಗಳಲ್ಲಿ ಯಾವುದೂ ಮೊದಲ ಪೀಠವನ್ನು ಏರಬಾರದು. ಅಳತೆಯನ್ನು ಕೊಡುವಾಗ ಸರಾಸರಿಯೊಡನೆ ಅದರ ವ್ಯಾಪ್ತಿಯನ್ನೂ ಕೊಡಬೇಕು. ಚಿತ್ರದಲ್ಲಿರುವವಳ ವಯಸ್ಸು, ನಾಡು, ಹೆರಿಗೆಯಾಗಿದೆಯೇ ಇಲ್ಲವೇ ಎಂಬ ವಿವರಗಳು ಹೆಸರಿಲ್ಲದೆಯೇ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಕೆಯ ಒಪ್ಪಿಗೆ ಇರಬೇಕು. ಬಾರ್ಟ್‌ಮನ್ನಳ ಚಿತ್ರ ಎಷ್ಟೇ ನಿಖರವಾಗಿದ್ದರೂ, ಒಪ್ಪಿಗೆಯಿಲ್ಲದ ಆ ನಿಖರತೆಯನ್ನು ನಾವು ಜ್ಞಾನವೆಂದು ಕರೆಯಲಾರೆವು.

ಮತ್ತೆ ಆ ತರಗತಿಯ ವಿಷಯ. ನಾರ್ಮಾಳ ಸ್ಪರ್ಧೆಯ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಅದೇ ವಿದ್ಯಾರ್ಥಿನಿ, ‘ಹಾಗಾದರೆ ಸರಿಯಾಗಿದ್ದವರು ಆ ಮೂರು ಸಾವಿರದ ಎಂಟುನೂರು ಜನರೇ ಅಲ್ಲವೇ?’ ಎಂದು ಕೇಳಿದಳು. ಈ ಬಾರಿ ತರಗತಿಯಲ್ಲಿ ಯಾರೂ ನಗಲಿಲ್ಲ. ಹೌದೆಂದು ಹೇಳಿ ನಾವು ಪಾಠವನ್ನು ಮುಗಿಸಿದೆವು.